ಬೋಂಡನ ಒಂಟಿ ಸೀನು

ಮೂಗಿನ ವಿಷಯದಲ್ಲಿ ನಮ್ಮ ಜನ ಬಹಳ ಕಟ್ಟುನಿಟ್ಟು. ಇಷ್ಟವಾಗದ್ದನ್ನು ಕಂಡರೆ ಮೂಗು ಮುರಿಯುತ್ತಾರೆ, ಆಶ್ಚರ್ಯವಾದರೆ ಮೂಗಿನ ಮೇಲೆ ಬೆರಳಿಡುತ್ತಾರೆ, ಪಕ್ಕದ ಮನೆಯಲ್ಲಿ ಜಗಳವಾದರೆ ಮೂಗು ತೂರಿಸುತ್ತಾರೆ, ನ್ಯಾಯ ಹೇಳುವುದಿದ್ದರೆ ತಮ್ಮ ಮೂಗಿನ ನೇರಕ್ಕೇ ಹೇಳುತ್ತಾರೆ. ಹೆಣ್ಣು ನೋಡಲು ಬಂದವರು ಹಾಡು ಬರುತ್ತದೆಯೇ ಎಂದು ಕೇಳುವುದು ಆಮೇಲಿನ ಮಾತು. ಮೊದಲು ನೋಡುವುದು ಮೂಗನ್ನು. ಇಂಥ ಜನರ ನಡುವೆ ಹುಟ್ಟಿ ಬೆಳೆದು, ಎಲ್ಲ ತಿಳಿದೂ ತಿಳಿದೂ, ಮೂಗೇ ಇಲ್ಲದ ಪ್ರಾಣಿಯೊಂದನ್ನು ನಾನು ಮನೆಗೆ ತಂದೆ. ಅದೂ ಮದುವೆಯ ವಯಸ್ಸಿನ ತಂಗಿ ಇದ್ದ ಮನೆಗೆ. ಆಮೇಲೆ ಪಟ್ಟ ಪಾಡಿಗೆ ಯಾರನ್ನೂ ದೂರುವಂತಿಲ್ಲ.

ತಂದದ್ದು ಪ್ರಾಣಿದಯೆಯಿಂದ ಎಂದು ಹೇಳಿಕೊಳ್ಳಲು ಆಸೆಯಿದೆ. ನಿಜ ಬೇರೆ. ನಮ್ಮ ಕಚೇರಿಯ ಸೂಪರಿಂಟೆಂಡೆಂಟರು ನಿವೃತ್ತರಾಗಿ ಬೊಂಬಾಯಿಯಲ್ಲಿದ್ದ ಮಗಳ ಮನೆಗೆ ಹೊರಟಿದ್ದರು. ನನ್ನನ್ನು ಮನೆಗೆ ಕರೆಸಿ, "ನೋಡ್ರೀ, ಇಷ್ಟು ವರ್ಷದಲ್ಲಿ ನೀವು ನನ್ನ ಮಾತಿಗೆ ಒಂದು ಸಲನೂ ಇಲ್ಲ ಅಂದಿಲ್ಲ" ಎಂದರು. ಮಾತು ಸರಿಯಾಗಿಯೇ ಇತ್ತು. ಆದರೆ ಇಲ್ಲ ಎನ್ನದಿದ್ದದ್ದು ಒಳ್ಳೆಯತನದಿಂದಲ್ಲ, ಹೆದರಿಕೆಯಿಂದ. ನಿವೃತ್ತರಾದವರಿಗೆ ಹೆದರಬೇಕಾಗಿಲ್ಲ ಎಂಬುದು ನನಗೆ ಹೊಳೆಯುವ ಹೊತ್ತಿಗೆ ಅವರ ನಾಯಿ ನನ್ನ ತೊಡೆಯ ಮೇಲಿತ್ತು, ನಾನು ಜಟಕಾದಲ್ಲಿದ್ದೆ, ಜಟಕಾ ಮೈಸೂರಿನ ನಮ್ಮ ಚಾಮರಾಜಪುರಂ ಮುಟ್ಟಿತ್ತು.

ನಾಯಿಯ ವಂಶಾವಳಿಯನ್ನು ಅವರೇ ಹೇಳಿದ್ದರು. ತಾಯಿ ನಜರಬಾದಿನ ಕಡೆಯ ಯಾವುದೋ ಬಂಗಲೆಯಲ್ಲಿ ದೊರೆಸಾನಿಯೊಬ್ಬಳು ಮಡಿಲಲ್ಲಿಟ್ಟು ಸಾಕಿದ್ದ ಚಪ್ಪಟೆ ಮೂಗಿನ ಪುಟ್ಟ ಜಾತಿಯದು. ತಂದೆ ಅದೇ ಬೀದಿಯ ಸ್ವತಂತ್ರ ಪ್ರಜೆ. ತಾಯಿಯಿಂದ ಮುಖ, ತಂದೆಯಿಂದ ಹಸಿವು. ಮೈ ಕಡಲೆಹಿಟ್ಟಿನ ಬಣ್ಣ, ಗಾತ್ರ ಬೆಕ್ಕಿಗಿಂತ ಸ್ವಲ್ಪ ದೊಡ್ಡದು, ಬಾಲ ಚಕ್ಕುಲಿಯಂತೆ ಸುತ್ತಿಕೊಂಡಿತ್ತು. ಕಣ್ಣುಗಳು ಯಾರೋ ಈಗಷ್ಟೇ ಕೆಟ್ಟ ಸುದ್ದಿ ಹೇಳಿದ ಹಾಗೆ ಹೊರಗೆ ಬಂದಿದ್ದವು. ಮುಖ ಮಾತ್ರ, ಜೋರಾಗಿ ಓಡಿಬಂದು ಗೋಡೆಗೆ ಗುದ್ದಿ ಅಲ್ಲೇ ನಿಂತುಬಿಟ್ಟಂತಿತ್ತು.

ಜಗುಲಿಯ ಮೇಲೆ ಹಣೆ ತುಂಬ ವಿಭೂತಿ ಹಚ್ಚಿಕೊಂಡು ಕುಳಿತಿದ್ದ ನನ್ನ ಅವ್ವ ಅದನ್ನು ಬಹಳ ಹೊತ್ತು ನೋಡಿದಳು. "ಇದರ ಮೂಗೆಲ್ಲೋಯ್ತಪ್ಪಾ?" ಎಂದು ಕೇಳಿದಳು.

"ಜಾತೀನೇ ಅಂಥದ್ದು ಕಣವ್ವ. ಒಳ್ಳೇ ಮನೆ ನಾಯಿ."

"ಒಳ್ಳೇ ಮನೆಯವ್ರು ಮೂಗು ಇಟ್ಕೊಂಡು ಮಿಕ್ಕಿದ್ದು ಕೊಟ್ಟವ್ರೆ" ಎಂದಳು ಅವ್ವ. ಸೂಪರಿಂಟೆಂಡೆಂಟರು ಅದಕ್ಕೆ ಇಂಗ್ಲಿಷ್ ರಾಜಕುಮಾರನೊಬ್ಬನ ಹೆಸರಿಟ್ಟಿದ್ದರು. ಅದಕ್ಕೆ ಅವ್ವನ ನಾಲಗೆ ಹೊರಳಲಿಲ್ಲ. ಗುಂಡಗೆ, ಹೊಂಬಣ್ಣವಾಗಿ, ಅಲ್ಲಲ್ಲಿ ಸುಕ್ಕಾಗಿ ಇದ್ದದ್ದನ್ನು ನೋಡಿ ಬೋಂಡ ಎಂದು ಕರೆದಳು. ರಾಜಕುಮಾರನಿಗೆ ತಿರುಗಿಯೂ ನೋಡದ ನಾಯಿ ಬೋಂಡ ಎಂದ ಕೂಡಲೇ ಬಾಲ ಅಲ್ಲಾಡಿಸಿತು. ದೇವರ ಕೋಣೆಯ ಕಡೆ ಸುಳಿಯಬಾರದು ಎಂಬ ಷರತ್ತಿನ ಮೇಲೆ ಅದಕ್ಕೆ ನಡುಮನೆಯಲ್ಲಿ ಜಾಗ ಸಿಕ್ಕಿತು. ಕೆಲವೇ ದಿನಗಳಲ್ಲಿ ಅವ್ವ ರಾಗಿಮುದ್ದೆಯನ್ನು ಹಾಲಿನಲ್ಲಿ ಕಿವುಚಿ ಅದಕ್ಕೆ ತಿನ್ನಿಸುವುದನ್ನು ನಾನು ಕಣ್ಣಾರೆ ಕಂಡೆ. ನನಗೆ ಜ್ವರ ಬಂದಾಗಲೂ ಅವಳು ಅಷ್ಟು ನುಣ್ಣಗೆ ಕಿವುಚಿದವಳಲ್ಲ.

ಬೋಂಡನಿಗೆ ಬೊಗಳಲು ಬರುತ್ತಿರಲಿಲ್ಲ. ಕಳ್ಳ ಬಂದರೆ ಅವನ ಕಾಲ ಬಳಿ ಕೂತು ಏದುಸಿರು ಬಿಡುತ್ತಿತ್ತೇನೋ. ಆದರೆ ಮೂಗಿಲ್ಲದ ಕೊರತೆಯನ್ನು ಸದ್ದಿನಲ್ಲಿ ತುಂಬಿಸಿಕೊಂಡಿತ್ತು. ಕೂತರೆ ಸುಯ್ಯೆನ್ನುತ್ತಿತ್ತು, ಮಲಗಿದರೆ ಗೊರಕೆ ಹೊಡೆಯುತ್ತಿತ್ತು, ಇವೆರಡರ ನಡುವೆ ಸೀನುತ್ತಿತ್ತು. ಕಷ್ಟ ಶುರುವಾದದ್ದು ಈ ಸೀನಿನಿಂದ. ಹೊರಡುವ ಹೊತ್ತಿನಲ್ಲಿ ಒಂಟಿ ಸೀನು ಬಿದ್ದರೆ ಕೆಲಸ ಕೆಡುತ್ತದೆ, ಜೋಡಿ ಸೀನಾದರೆ ಶುಭ ಎಂಬುದರಲ್ಲಿ ಅವ್ವನಿಗೆ ಅಚಲ ನಂಬಿಕೆ. ನಾನು ಕೊಡೆ ಹಿಡಿದು ಹೊಸಿಲು ದಾಟಬೇಕು, ಹಿಂದಿನಿಂದ ಬೋಂಡ ಒಂದು ಸೀನು ಸೀನಬೇಕು, ಅವ್ವ, "ಕೂತ್ಕೊಂಡು ನೀರು ಕುಡ್ದು ಹೋಗಪ್ಪ" ಎನ್ನಬೇಕು. "ಅದು ನಾಯಿ ಕಣವ್ವ" ಎಂದರೆ, "ನಾಯಿ ಆದ್ರೇನು, ಸೀನು ಸೀನೇ" ಎನ್ನುತ್ತಿದ್ದಳು. ನಾನು ಕೂತು ನೀರು ಕುಡಿದು ಎದ್ದರೆ ಅದು ಮತ್ತೆ ಸೀನುತ್ತಿತ್ತು. ಹೀಗೆ ಹೊಟ್ಟೆ ತುಂಬ ನೀರು ಕುಡಿದು, ಹೊತ್ತು ಮೀರಿ ಕಚೇರಿಗೆ ಓಡಿದ ದಿನ ಹೊಸ ಸೂಪರಿಂಟೆಂಡೆಂಟರು ಕಾರಣ ಕೇಳಿದರು. ನಾಯಿ ಸೀನಿತು ಎಂದು ಹೇಳುವ ಧೈರ್ಯ ಬರಲಿಲ್ಲ. ಮನೆಯಲ್ಲಿ ಒಬ್ಬರಿಗೆ ಹುಷಾರಿಲ್ಲ ಎಂದೆ. ಅವರು ಪಾಪ, ದಿನಾ ವಿಚಾರಿಸಿಕೊಳ್ಳತೊಡಗಿದರು.

ಇನ್ನು ನನ್ನ ತಂಗಿ ಗಿರಿಜೆಯ ವಿಷಯ. ಅವಳು ಬಿ.ಎ. ಕಡೆಯ ವರ್ಷದಲ್ಲಿದ್ದಳು. ಆ ವರ್ಷವೇ ಒಂದು ಸಂಬಂಧ ಬಂದು, ಕೊಟ್ಟ ಉಪ್ಪಿಟ್ಟನ್ನು ಎರಡೆರಡು ಸಲ ಹಾಕಿಸಿಕೊಂಡು ತಿಂದು ಹೋದವರು, ಹುಡುಗಿಯ ಮೂಗು ಸ್ವಲ್ಪ ದಪ್ಪವಾಯಿತು ಎಂದು ಹೇಳಿ ಕಳಿಸಿದ್ದರು. ಗಿರಿಜೆ ಅಳಲಿಲ್ಲ. "ಒಳ್ಳೇದಾಯ್ತು ಬಿಡಿ, ಓದ್ಕೋಬೋದು" ಎಂದಳು. ಆದರೆ ಆ ಸಂಜೆ ನಾನು ಹಿತ್ತಲಿಗೆ ಹೋದಾಗ, ಅವಳು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬೋಂಡನನ್ನು ತೊಡೆಯಲ್ಲಿಟ್ಟುಕೊಂಡು ಕೂತಿದ್ದಳು. "ನನ್ನದು ಜಾಸ್ತಿ ಆಯ್ತಂತೆ ಕಣೋ, ನಿನ್ನದು ಕಮ್ಮಿ ಆಯ್ತು. ದೇವರು ಹಂಚೋವಾಗ ನಿನ್ನ ಪಾಲೂ ನನಗೇ ಹಾಕ್ಬುಟ್ಟ" ಎಂದು ಮೆಲ್ಲಗೆ ಹೇಳುತ್ತಿದ್ದಳು. ಬೋಂಡ ಅವಳ ಮುಖವನ್ನು ನೆಕ್ಕಿತು. ನಾನು ಸದ್ದಿಲ್ಲದೆ ಒಳಕ್ಕೆ ಬಂದೆ. ನಾಯಿಯ ಬಗ್ಗೆ ಅಲ್ಲಿಂದ ಮುಂದೆ ಮನೆಯಲ್ಲಿ ನಾನು ದೂರು ಹೇಳಲಿಲ್ಲ.

ಆಮೇಲೆ ಬಂದದ್ದು ನಂಜನಗೂಡಿನ ಸಂಬಂಧ. ಹುಡುಗ ಶಿವಣ್ಣ ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟ್ರು. ತಂದೆ ಬಸಪ್ಪನವರದು ಜವಳಿ ಅಂಗಡಿ. ತಾಯಿಯಿಲ್ಲದ ಹುಡುಗನನ್ನು ಸಾಕಿದವಳು ಸೋದರತ್ತೆ. ಈ ಮೂವರೂ ಭಾನುವಾರ ರೈಲಿನಲ್ಲಿ ಬಂದು ಚಾಮರಾಜಪುರಂ ಸ್ಟೇಷನ್ನಿನಲ್ಲಿಳಿದು ನಡೆದೇ ಬರುತ್ತಾರೆಂದು ಸುದ್ದಿ ಬಂತು. ಬೋಂಡನನ್ನು ಏನು ಮಾಡುವುದೆಂದು ಮನೆಯಲ್ಲಿ ಚರ್ಚೆಯಾಯಿತು. ಕೊನೆಗೆ ನನ್ನ ಹೆಂಡತಿ ಪಾರ್ವತಿ ಅದನ್ನು ಬಚ್ಚಲುಮನೆಗೆ ಹಾಕಿ ಅಗುಳಿ ಜಡಿದಳು.

ಬಂದವರು ಚಾಪೆಯ ಮೇಲೆ ಕೂತರು. ಬಸಪ್ಪನವರು ದೊಡ್ಡ ದನಿಯ ಮನುಷ್ಯರು, ಮಾತಿಗೊಮ್ಮೆ ಡಬ್ಬಿ ತೆಗೆದು ನಶ್ಯ ಏರಿಸುತ್ತಿದ್ದರು. ಶಿವಣ್ಣ ತನ್ನ ಕಾಲಿನ ಹೆಬ್ಬೆರಳನ್ನೇ ಓದುತ್ತಿದ್ದ. ಗಿರಿಜೆ ಕೇಸರಿಬಾತಿನ ತಟ್ಟೆ ಇಟ್ಟು ಅವ್ವನ ಪಕ್ಕ ಕೂತಳು. ಎಲ್ಲ ಸುಸೂತ್ರವಾಗಿ ನಡೆಯುತ್ತಿದ್ದಾಗ ಬಚ್ಚಲುಮನೆಯ ಬಾಗಿಲ ಸಂದಿಯಿಂದ ಬೋಂಡ ಎಳೆದೆಳೆದು ಉಸಿರಾಡತೊಡಗಿತು. ಸುಯ್ಯೆಂದು ಶುರುವಾಗಿ, ಗೊರಗೊರ ಎಂದು ಏರಿ, ನರಳಾಟದಲ್ಲಿ ಮುಗಿಯುತ್ತಿತ್ತು. ಸೋದರತ್ತೆ ಚಮಚೆಯನ್ನು ಕೆಳಗಿಟ್ಟು, "ಒಳಗೆ ಯಾರೋ ವಯಸ್ಸಾದವ್ರು ಅವ್ರಾ?" ಎಂದು ಕೇಳಿದಳು.

"ಯಾರೂ ಇಲ್ವಲ್ಲ" ಎಂದೆ ನಾನು. ಅಷ್ಟರಲ್ಲಿ ಅದು ಇನ್ನೊಮ್ಮೆ ನರಳಿತು.

ಸೋದರತ್ತೆಯ ಮುಖ ಬಿಗಿಯಿತು. "ತಪ್ಪು ತಿಳೀಬೇಡಿ. ಮನೇಲಿ ಉಬ್ಬಸ ಇದ್ರೆ ಮೊದ್ಲೇ ಹೇಳ್ಬುಡಿ. ಅದು ಪೀಳಿಗೆಯಿಂದ ಪೀಳಿಗೆಗೆ ಬತ್ತದೆ" ಎಂದಳು. ನಾನು ಗಾಬರಿಯಿಂದ ನಾಯಿ ಎಂದೆ. ಅವಳು ನಂಬಲಿಲ್ಲ. ಯಾವ ನಾಯಿ ಹೀಗೆ ನರಳುತ್ತದೆ ಎಂದು ಅವಳು ಕೇಳಿದ್ದು ನ್ಯಾಯವಾಗಿಯೇ ಇತ್ತು. ಬೇರೆ ದಾರಿಯಿಲ್ಲದೆ ಪಾರ್ವತಿ ಹೋಗಿ ಅಗುಳಿ ತೆಗೆದಳು. ಬೋಂಡ ಒದ್ದೆ ಕಾಲಿನಲ್ಲಿ ಓಡಿಬಂದು ಎಲ್ಲರನ್ನೂ ಒಮ್ಮೆ ನೋಡಿ, ಬಸಪ್ಪನವರ ಮುಂದೆ ಹೋಗಿ ಕೂತಿತು.

ಸೋದರತ್ತೆ ಅದರ ಮುಖವನ್ನೂ ಉಸಿರನ್ನೂ ತಾಳೆ ಹಾಕಿ ನೋಡಿ ಸಮಾಧಾನಪಟ್ಟಳು. ನನ್ನ ಉಸಿರೂ ತಿರುಗಿತು. ಬಸಪ್ಪನವರು ಕಾಫಿ ಮುಗಿಸಿ, ಧಾರಾಳವಾಗಿ ನಶ್ಯ ಏರಿಸಿ, ಕೈ ಕೊಡವಿ, "ನಮ್ಮ ಕಡೆಯಿಂದ ಒಪ್ಪಿಗೆ ಅಂತ ಇಟ್ಕೊಳಿ" ಎಂದರು. ಆ ಮಾತು ಮುಗಿಯುತ್ತಿದ್ದ ಹಾಗೇ ಬೋಂಡ ಸೀನಿತು. ಒಂದೇ ಸೀನು, ಆದರೆ ಗೋಡೆಯ ಕ್ಯಾಲೆಂಡರು ಅಲ್ಲಾಡುವಂಥದ್ದು.

ಬೋಂಡನಿಗೆ ಇನ್ನೊಂದು ಸೀನು ಬರಬಹುದೆಂದು ಎಲ್ಲರೂ ಅದರ ಮುಖವನ್ನೇ ನೋಡುತ್ತ ಕಾದರು. ಅದು ಆಕಳಿಸಿತು.

"ಒಂಟಿ ಸೀನು" ಎಂದಳು ಸೋದರತ್ತೆ.

ಆಗ ನನ್ನ ಅವ್ವ ಬಾಯಿ ತೆರೆದಳು. "ನಾಯಿ ಸೀನಿಗೆಲ್ಲ ಯಾವ ಶಾಸ್ತ್ರ ಕಣ್ರವ್ವ. ಮೂಕಪ್ರಾಣಿ, ಅದಕ್ಕೇನು ಗೊತ್ತು" ಎಂದಳು. ನಾನು ಬಿಟ್ಟ ಬಾಯಿ ಮುಚ್ಚದೆ ಅವಳನ್ನೇ ನೋಡಿದೆ. ಇಷ್ಟು ದಿನ ಕುಡಿದ ನೀರೆಲ್ಲ ನೆನಪಾಗಿ ಏನೋ ಹೇಳಲು ಹೊರಟವನನ್ನು ಪಾರ್ವತಿ ಹಿಂದಿನಿಂದ ಚಿವುಟಿದಳು.

ಸೋದರತ್ತೆ ಒಪ್ಪಲಿಲ್ಲ. ಬಸಪ್ಪನವರು ವ್ಯಾಪಾರಸ್ಥರು, ಯಾವ ಗಂಟನ್ನೂ ಬಿಡಿಸಬಲ್ಲೆ ಎಂಬ ನಂಬಿಕೆಯವರು. "ಇನ್ನೊಂದು ಸೀನ್ಬುಟ್ರೆ ಜೋಡಿ ಆಗೋಯ್ತದೆ, ಅಷ್ಟೇ ತಾನೆ" ಎಂದು ಬೆರಳ ತುದಿಯಲ್ಲಿ ಚಿಟಿಕೆ ನಶ್ಯ ಹಿಡಿದು ಬೋಂಡನ ಮುಂದೆ ಚಾಚಿದರು. ಬೋಂಡ ತಿಂಡಿ ಎಂದುಕೊಂಡು ಮುಖವನ್ನು ಪೂರ್ತಿ ತೂರಿಸಿತು. ಆಮೇಲೆ ನಡೆದದ್ದನ್ನು ಸೀನು ಎನ್ನಲಾಗದು. ಅದು ಮುಂದಕ್ಕೆ ಸೀನಿ ಹಿಂದಕ್ಕೆ ಹೋಗುತ್ತಿತ್ತು, ಹಿಂದಕ್ಕೆ ಹೋದದ್ದು ತಟ್ಟೆಗೆ ಬಡಿದು ಮತ್ತೆ ಸೀನುತ್ತಿತ್ತು. ಕೇಸರಿಬಾತು ಚಾಪೆಯ ಮೇಲೆ ಬಿತ್ತು. ಸೀನು ನಿಂತ ಮೇಲೆ ಅವ್ವ, "ಸರಿ ಸಂಖ್ಯೆ" ಎಂದಳು. ಸೋದರತ್ತೆ, "ಇಲ್ಲ ಕಣ್ರೀ, ನಾನು ಎಣಿಸ್ದೆ, ಬೆಸ" ಎಂದಳು. ಕೊನೆಯದು ಸೀನೋ ಕೆಮ್ಮೋ ಎಂಬುದರ ಮೇಲೆ ಇಬ್ಬರಿಗೂ ವಾದ ಹತ್ತಿತು.

ಆಗ ಯಾರೋ ನಕ್ಕರು. ನೋಡಿದರೆ ಶಿವಣ್ಣ. ತಡೆದೂ ತಡೆದೂ ಸೋತು, ಟವೆಲಿನಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದ. ಆಮೇಲೆ ಕಣ್ಣೊರೆಸಿಕೊಂಡು ಆ ಮನೆಯಲ್ಲಿ ಮೊದಲ ಮಾತಾಡಿದ. "ಅಪ್ಪಾಜಿ, ಅದು ಸೀನಿದ್ದು ನಿಮ್ಮ ನಶ್ಯಕ್ಕೆ. ಮನೇಲಿ ನಾನೂ ದಿನಾ ಸೀನ್ತೀನಿ, ನನ್ನ ಸೀನನ್ನ ಯಾರಾದ್ರೂ ಲೆಕ್ಕಕ್ಕೆ ತಗೊಂಡಿದೀರಾ?"

ಅದುವರೆಗೆ ತಲೆ ಬಗ್ಗಿಸಿದ್ದ ಗಿರಿಜೆ ತಲೆಯೆತ್ತಿ ಅವನನ್ನು ನೋಡಿದಳು, ನಕ್ಕಳು. ನಕ್ಕರೆ ಅವಳ ಮೂಗು ಇನ್ನಷ್ಟು ಅಗಲವಾಗುತ್ತದೆ. ಅವನು ಆ ಮುಖವನ್ನೇ ನೋಡುತ್ತ, "ಏನಂತ ಕರೀತೀರಿ ಇದನ್ನ?" ಎಂದು ಕೇಳಿದ.

"ಬೋಂಡ."

"ಸರಿಯಾಗಿದೆ" ಎಂದ ಶಿವಣ್ಣ. ಸ್ವಲ್ಪ ತಡೆದು, "ನಿಮ್ಮ ಪರೀಕ್ಷೆ ಯಾವಾಗ ಮುಗಿಯುತ್ತೆ?" ಎಂದ. ಇಬ್ಬರು ಹೆಂಗಸರೂ ಎಣಿಕೆಯನ್ನು ಅರ್ಧಕ್ಕೆ ನಿಲ್ಲಿಸಿದರು.

ಪರೀಕ್ಷೆ ಮುಗಿದು ಮದುವೆಯೂ ಆಯಿತು. ಗಂಡನ ಮನೆಗೆ ಹೊರಟ ಗಿರಿಜೆ ಅವ್ವನನ್ನು ತಬ್ಬಿ ಅತ್ತಳು, ಪಾರ್ವತಿಯನ್ನು ತಬ್ಬಿ ಅತ್ತಳು, ಬೋಂಡನನ್ನು ಎತ್ತಿಕೊಂಡು ಬಹಳ ಹೊತ್ತು ಅತ್ತಳು. ನನ್ನ ಸರದಿ ಬರುವಷ್ಟರಲ್ಲಿ ರೈಲಿಗೆ ಹೊತ್ತಾಗಿತ್ತು. "ಅಣ್ಣ, ಬಿಸಿಲಲ್ಲಿ ಓಡಾಡಿಸ್ಬೇಡ, ಅದಕ್ಕೆ ಉಸಿರು ಕಟ್ಟುತ್ತೆ" ಎಂದಷ್ಟೇ ಹೇಳಿ ಹೋದಳು.

ಮೊನ್ನೆ ಬೀಗರು ಹೊಸ ಮನೆ ಕಟ್ಟಿಸಿ ಗೃಹಪ್ರವೇಶಕ್ಕೆ ಕರೆದಿದ್ದರು. ಜರಿ ಪೇಟ ಸುತ್ತಿ, ಇಸ್ತ್ರಿ ಮಾಡಿದ ಕೋಟು ತೊಟ್ಟು ನಾನೊಬ್ಬನೇ ನಂಜನಗೂಡಿಗೆ ಹೋದೆ. ಚಪ್ಪರದಲ್ಲಿ ಅವರ ಕಡೆಯ ವೃದ್ಧರೊಬ್ಬರು, "ತಾವು ಯಾರು ಗೊತ್ತಾಗ್ನಿಲ್ಲ" ಎಂದರು. ನಾನು ನನ್ನ ಹೆಸರು ಹೇಳಿದೆ. ಅವರಿಗೆ ತಿಳಿಯಲಿಲ್ಲ. ಹುಡುಗಿಯ ಅಣ್ಣ ಎಂದೆ. ಕಿವಿಯ ಹಿಂದೆ ಕೈಯಿಟ್ಟುಕೊಂಡರು. ಈಚೆಗೆ ಬಡ್ತಿ ಸಿಕ್ಕಿದ್ದರಿಂದ, ಕೇಳದೇ ಇದ್ದರೂ ನನ್ನ ಕಚೇರಿಯನ್ನೂ ಹುದ್ದೆಯನ್ನೂ ಬಿಡಿಸಿ ಹೇಳಿದೆ. ಅವರು ಸುಮ್ಮನೆ ತಲೆಯಾಡಿಸಿದರು. ಆಗ ಆ ಕಡೆಯಿಂದ ಸೋದರತ್ತೆ, "ಅದೇ ಕಣಣ್ಣ, ಮೈಸೂರಿನ ಸೀನೋ ನಾಯಿ ಮನೆಯವ್ರು" ಎಂದು ಕೂಗಿದಳು.

ವೃದ್ಧರ ಮುಖ ಅರಳಿತು. ಎದ್ದು ನನ್ನ ಎರಡೂ ಕೈ ಹಿಡಿದುಕೊಂಡರು. ಪಕ್ಕದಲ್ಲಿದ್ದವರನ್ನು ಸರಿಸಿ ಜಾಗ ಮಾಡಿಸಿದರು. ನಾಲ್ಕು ಜನ ತಿರುಗಿ ನೋಡಿದರು, ಇಬ್ಬರು ಕೈ ಮುಗಿದರು. ನಾನು ಕೋಟು ಸರಿಮಾಡಿಕೊಂಡು ಕೂತೆ. ಅವರು ನನ್ನ ಅಕ್ಕಪಕ್ಕ, ಹಿಂದೆ, ಕುರ್ಚಿಯ ಕೆಳಗೆ ಎಲ್ಲ ಕಣ್ಣಾಡಿಸಿ, ಸ್ವಲ್ಪ ಪೆಚ್ಚಾಗಿ ಕೇಳಿದರು:

"ನೀವೊಬ್ರೇ ಬಂದ್ರಾ?"