ಸಾದರ ಸ್ವೀಕಾರ: ಮೂರಂತಸ್ತಿನ ಒಂದು ಡಬ್ಬಿ

ಡಬ್ಬಿಯ ಮೇಲಿನ ಅಂತಸ್ತಿನಲ್ಲಿ ಒಂದು ಹಸಿಮೆಣಸಿನಕಾಯಿ ಇತ್ತು. ಒಂದೇ ಒಂದು, ತೊಟ್ಟು ಸಮೇತ. ಕೆಳಗಿನ ಅಂತಸ್ತಿನಲ್ಲಿ ಎರಡು ಒಣ ಜೋಳದ ಭಕ್ರಿ. ನಡುವಿನದು ಖಾಲಿ, ಮರೆತು ಬಿಟ್ಟ ಖಾಲಿಯಲ್ಲ, ತೊಳೆದು ಒರೆಸಿ ಮುಚ್ಚಿಟ್ಟ ಖಾಲಿ. ಪುಣೆ ಬಳಿಯ ಚಾಕಣದ ನಮ್ಮ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಎದುರಿಗೆ ಕೂತಿದ್ದ ಸಹೋದ್ಯೋಗಿ ಸ್ವಾತಿ ಇಣುಕಿ ನೋಡಿ, "ಆಜ ಉಪವಾಸ ಆಹೇ ಕಾ ಗ?" ಎಂದು ಮರಾಠಿಯಲ್ಲಿ ಕೇಳಿದಳು. ಉಪವಾಸವಲ್ಲ, ಪುಸ್ತಕ ವಿಮರ್ಶೆ ಎಂದೆ. ಅವಳು ತನ್ನ ಡಬ್ಬಿಯಿಂದ ಅರ್ಧ ಪೋಳಿ, ಅಂದರೆ ಅವರ ಚಪಾತಿ, ಮುರಿದು ನನ್ನ ಕಡೆ ಸರಿಸಿದಳೇ ಹೊರತು ಮತ್ತೇನೂ ಕೇಳಲಿಲ್ಲ. ಹಸಿದವರ ಮಾತಿಗೆ ಅರ್ಥ ಹುಡುಕಬಾರದು ಎಂಬ ತಿಳಿವಳಿಕೆ ಅವಳಿಗಿದೆ.

ನಾನು ವಿಮರ್ಶೆಗಳನ್ನು ನಂಬಿ ಪುಸ್ತಕ ಕೊಳ್ಳುವವಳು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. "ಒಂದೇ ಗುಕ್ಕಿನಲ್ಲಿ ಓದಿಸಿಕೊಂಡು ಹೋಗುತ್ತದೆ" ಎಂಬ ಮಾತು ನಂಬಿ ತಂದ ಕಾದಂಬರಿಯೊಂದು ನನ್ನ ಬಳಿ ನಾಲ್ಕು ತಿಂಗಳು ಬಿಡಾರ ಹೂಡಿತ್ತು. "ಪ್ರತಿ ಮನೆಯಲ್ಲೂ ಇರಬೇಕಾದ ಕೃತಿ" ಎಂದರೆ ಇದ್ದರೆ ಸಾಕು, ಓದಬೇಕೆಂದಿಲ್ಲ ಎಂದರ್ಥವೆಂದು ತಿಳಿಯಲು ಮೂರು ಪುಸ್ತಕ ಬೇಕಾದವು. "ಲೇಖಕರು ಭರವಸೆ ಮೂಡಿಸುತ್ತಾರೆ" ಎಂದು ಓದಿ, ಯಾರೋ ಕಾಲೇಜಿನ ಹುಡುಗಿ ಇರಬೇಕೆಂದು ಸಂತೋಷಪಟ್ಟು ಹಿಂಬದಿ ತಿರುಗಿಸಿದರೆ, ಕಿವಿಗೆ ಯಂತ್ರ ಹಾಕಿಕೊಂಡ ಹಿರಿಯರು ಶಾಲು ಹೊದ್ದು ನಗುತ್ತಿದ್ದರು. ಹೀಗೆ ಮೋಸ ಹೋದ ಓದುಗಿಯೊಬ್ಬಳು ತಾನೇ ವಿಮರ್ಶೆ ಬರೆದರೆ ಸತ್ಯವನ್ನೇ ಬರೆಯುತ್ತಾಳೆ ಎಂದು ನಮ್ಮ ಕನ್ನಡ ಬಳಗದ ಮಾಸಪತ್ರಿಕೆಯ ಸಂಪಾದಕರು ಊಹಿಸಬೇಕಿತ್ತು. ಅವರು ನನ್ನ ಅಕ್ಷರ ದುಂಡಗಿದೆ ಎಂಬುದನ್ನಷ್ಟೇ ನೋಡಿ ಕೆಲಸ ಒಪ್ಪಿಸಿದರು.

ಪುಸ್ತಕ ಶೇಷಗಿರಿ ಕಾಕಾರದು. ಕಾಕಾ ಮತ್ತು ಸುಮಿತ್ರಾ ಕಾಕೂ ನನ್ನ ಬಾಡಿಗೆ ಕೋಣೆಯ ಕೆಳಗಿನ ಮನೆಯ ದಂಪತಿ, ವಿಜಯಪುರದ ಕಡೆಯವರು. ಕಾಕಾ ಮೂವತ್ತೊಂದು ವರ್ಷ ಶಿರೂರಿನಿಂದ ಪುಣೆಯ ಶಿವಾಜಿನಗರದ ಕೋರ್ಟಿಗೆ ಬಸ್ಸಿನಲ್ಲಿ ಓಡಾಡಿ ಗುಮಾಸ್ತಿಕೆ ಮಾಡಿದವರು. ನಿವೃತ್ತರಾಗಿ ಪುಣೆಗೇ ಬಂದು ನೆಲೆಸಿದ ಮೇಲೂ ದಿನಾ ಹತ್ತು ಗಂಟೆಗೆ ಡಬ್ಬಿ ಹಿಡಿದು ಅದೇ ಕೋರ್ಟಿನ ಹೊರಗೆ ಟೈಪಿಸ್ಟರ ಜೊತೆ ಕೂತು ಬರುತ್ತಾರೆ. ಹೇಗೂ ಒಂದು ಡಬ್ಬಿ ಕಟ್ಟುವುದಿದೆಯೆಂದು ಕಾಕೂ ನನಗೂ ಒಂದು ಕಟ್ಟುತ್ತಾರೆ. ಎರಡೂ ಒಂದೇ ಅಂಗಡಿಯ ಒಂದೇ ಅಳತೆಯ ಡಬ್ಬಿಗಳು. ನನ್ನದಕ್ಕೆ ಹಳದಿ ದಾರ, ಕಾಕಾರದಕ್ಕೆ ಕೆಂಪು. ಕಾಕೂ ಬೆಳಿಗ್ಗೆ ತುಂಬಿಟ್ಟು ವಾಕಿಂಗಿಗೆ ಹೋದ ಮೇಲೆ, ದಾರ ಕಟ್ಟಿ ಬಾಗಿಲಾಚೆಯ ಸ್ಟೂಲಿನ ಮೇಲೆ ಇಡುವುದು ಕಾಕಾರ ಕೆಲಸ. ಕೋರ್ಟಿನ ಕಡತ ಕಟ್ಟಿ ಪಳಗಿದ ಕೈ ಅದು. ಪುಣೆಯಲ್ಲಿ ನನಗಿರುವ ಮನೆಯೂಟ ಇದೊಂದೇ. ಊಟವಾಯಿತೇ ಎಂದು ಈ ಊರಿನಲ್ಲಿ ನನ್ನನ್ನು ಕೇಳುವವರೂ ಕಾಕೂ ಒಬ್ಬರೇ. ಇದೆಲ್ಲ ಗೊತ್ತಿದ್ದೂ ಆ ಪುಸ್ತಕವನ್ನು ಕೈಗೆತ್ತಿಕೊಂಡೆ.

'ನಿಂತೇ ಬಂದ ದಾರಿ' ಎಂದು ಅದರ ಹೆಸರು. ಕಾಕಾ ತಾವೇ ತಂದುಕೊಟ್ಟು, "ಮುಲಾಜು ನೋಡಬ್ಯಾಡ ತಂಗಿ. ಹ್ಯಾಂಗದನೋ ಹಂಗ ಬರಿ. ನಂಗ ಹೊಗಳಿಕಿ ಬ್ಯಾಡ" ಎಂದರು. ಲೇಖಕರು ಹೀಗೆ ಹೇಳಿದರೆ ಏನರ್ಥ ಎಂದು ನನಗಾಗ ತಿಳಿದಿರಲಿಲ್ಲ. ನನ್ನ ಉದ್ಯೋಗ ಕಾರುಗಳ ಬಿಡಿಭಾಗ ಅಳೆದು, ಎಲ್ಲಿ ಎಷ್ಟು ತಪ್ಪಿದೆ ಎಂದು ನಮೂನೆಯಲ್ಲಿ ತುಂಬುವುದು. ಇಷ್ಟು ವರ್ಷದಲ್ಲಿ ಒಂದು ಬೇರಿಂಗೂ ನನ್ನ ಮೇಲೆ ಮುನಿಸಿಕೊಂಡಿಲ್ಲ. ಹಾಗಾಗಿ ಪುಸ್ತಕವನ್ನೂ ಅಳೆದೆ. "ಬಸ್ಸು ಹನ್ನೊಂದು ಸಲ ಕೆಟ್ಟು ನಿಲ್ಲುತ್ತದೆ, ನಾಲ್ಕು ಸಲ ಸಾಕಿತ್ತು" ಎಂದು ಬರೆದೆ. "ನಿರೂಪಣೆಯಲ್ಲಿ ಉಪ್ಪು ತುಸು ಕಡಿಮೆ" ಎಂದೂ ಬರೆದೆ. "ಇನ್ನೂರ ಹನ್ನೆರಡು ಪುಟಗಳಲ್ಲಿ ಲೇಖಕರ ಊಟದ ಡಬ್ಬಿ ಎರಡು ಸಲ ಬರುತ್ತದೆ, ಎರಡೂ ಸಲ ಬಸ್ಸಿನಲ್ಲಿ ಮರೆತುಹೋಗುತ್ತದೆ. ಅದರಲ್ಲಿ ಏನಿತ್ತು, ಕಟ್ಟಿಕೊಟ್ಟವರು ಯಾರು ಎಂಬುದು ತಿಳಿಯುವುದಿಲ್ಲ." ಕೊನೆಗೆ, ಅಳತೆ ಸ್ವಲ್ಪ ತಪ್ಪಿದ ಮಾಲಿನ ಮೇಲೆ ನಾವು ಒತ್ತುವ ಮುದ್ರೆಯ ಮಾತನ್ನೇ ಹಾಕಿದೆ: "ಈ ಕೊರತೆಗಳೊಂದಿಗೆ ಸ್ವೀಕರಿಸಬಹುದು." ನನ್ನ ಕಾರ್ಖಾನೆಯಲ್ಲಿ ಇದು ಉದಾರ ಮಾತು.

ಪತ್ರಿಕೆ ಭಾನುವಾರ ಬಂತು. ಸೋಮವಾರ ಬೆಳಿಗ್ಗೆ ಕಂಪನಿ ಬಸ್ಸಿಗೆ ಹೊರಟು ಸ್ಟೂಲಿನ ಬಳಿ ಬಂದರೆ ಕಾಕಾ ಕೈಕಟ್ಟಿ ನಿಂತಿದ್ದರು. "ನಮಸ್ಕಾರ್ರಿ ವಿಮರ್ಶಕರ. ಡಬ್ಬಿ ಸ್ವೀಕರಿಸ್ರಿ" ಎಂದರು. ಎರಡು ವರ್ಷ ನನ್ನನ್ನು ತಂಗಿ, ನೀನು ಎಂದವರು ಒಂದೇ ರಾತ್ರಿಯಲ್ಲಿ ಬಹುವಚನಕ್ಕೆ ಏರಿಸಿದ್ದರು. ಅಷ್ಟು ಮರ್ಯಾದೆಯನ್ನು ನಾನು ಬೇರೆಲ್ಲೂ ಅನುಭವಿಸಿಲ್ಲ. ಮಧ್ಯಾಹ್ನ ಮೆಣಸಿನಕಾಯಿ ಕಂಡಿತು.

ಮಂಗಳವಾರದ ಡಬ್ಬಿಯಲ್ಲಿ ಬರೀ ಅನ್ನ. ತಿಂದು ನೋಡಿದೆ, ಉಪ್ಪಿರಲಿಲ್ಲ. ತಕ್ಷಣ ಹೊಳೆಯಿತು: "ಉಪ್ಪು ತುಸು ಕಡಿಮೆ" ಎಂದು ಬರೆದವಳು ನಾನೇ. ಕಾಕೂ ನನ್ನ ವಿಮರ್ಶೆಗೆ ವಾಕ್ಯವಾರು ಉತ್ತರ ಕೊಡುತ್ತಿದ್ದಾರೆ. ಬುಧವಾರ ನಿನ್ನೆಯ ಚಪಾತಿ ನಾಲ್ಕು ಬಂದವು, "ನಾಲ್ಕು ಸಲ ಸಾಕಿತ್ತು" ಎಂಬುದಕ್ಕೆ. ಲೇಖಕರಿಗೆ ವಿಮರ್ಶೆ ಓದಿದಾಗ ಹೇಗಾಗುತ್ತದೆ ಎಂದು ನನಗೆ ಮೊದಲ ಸಲ ಹೊಟ್ಟೆಯಿಂದ ಅರ್ಥವಾಯಿತು. ಆದರೂ ಕಟುವಾಗಿದ್ದರೂ ಚೊಕ್ಕ ವಿಮರ್ಶೆ ಎಂದು ಮೆಚ್ಚದಿರಲಾಗಲಿಲ್ಲ. ಸ್ವಾತಿ ಮೂರು ದಿನವೂ ಅರ್ಧ ಪೋಳಿ ಕೊಟ್ಟಳು. ನಾನು ಸಂಜೆ ಬಂದು, ಡಬ್ಬಿಯನ್ನು ಸದ್ದಾಗದಂತೆ ಸ್ಟೂಲಿನ ಮೇಲಿಟ್ಟು, ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತುತ್ತಿದ್ದೆ. ಕ್ಷಮೆ ಕೇಳುವ ಮಾತುಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದೆ. ಎರಡು ಸಲ ತಿದ್ದಿದ್ದೂ ಆಗಿತ್ತು.

ಬುಧವಾರ ಸಂಜೆ ಬಾಗಿಲು ತೆರೆಯಿತು. "ನಿಲ್ಲವಾ" ಎಂದರು ಕಾಕೂ. "ಮೂರು ದಿನದಿಂದ ಕಳ್ಳರಂಗ ಡಬ್ಬಿ ಇಟ್ಟು ಓಡತೀ."

"ಕಾಕೂ, ನಾನು ಬರೆದದ್ದು ನಿಮಗೆ..."

"ನಾಕು ಸಲ ಓದೀನಿ. ಮೂವತ್ತೊಂದು ವರ್ಷ ಡಬ್ಬಿ ಕಟ್ಟೀನಿ, ಯಾರರ ಒಬ್ರು ಕೇಳಿದ್ರೇನು? ಪುಸ್ತಕದಾಗ ಕಂಡಕ್ಟರನ ಮೀಸಿಗೆ ಒಂದು ಪುಟ ಅದ. ನನಗ ಒಂದು ಸಾಲಿಲ್ಲ. ನೀ ಒಬ್ಬಾಕಿ ಎಣಿಸಿದಿ ನೋಡು." ಅವರು ಒಳಗೆ ಕೈ ತೋರಿಸಿದರು. "ಅದಕ್ಕ ಸೋಮವಾರದಿಂದ ಇವರಿಗೆ ಮೆಣಸಿನಕಾಯಿ, ಸಪ್ಪನ್ನ, ತಂಗಳ ಚಪಾತಿ ಕಳಿಸೀನಿ. ಮೂರು ದಿನ ಅದನ್ನ ತಿಂದು ಬರತಾರ, ಮಾರಿ ಮ್ಯಾಲೆ ಹ್ಯಾಂಗ ಕಳೆ ಬಂದದ ನೋಡು. ಪಶ್ಚಾತ್ತಾಪ ಆಗಿರಬೇಕು. ನಿನಗ ಮಾತ್ರ ಪಾಪ, ಎಣ್ಣಿಗಾಯಿ, ಹೋಳಿಗಿ, ಇವತ್ತ ಮಾದಲಿ. ಹ್ಯಾಂಗಿದ್ದವು? ಮುಲಾಜು ನೋಡಬ್ಯಾಡ, ಖರೇ ಹೇಳು."

ಒಳಗೆ ತೂಗುತ್ತಿದ್ದ ಜೋಕಾಲಿ ನಿಂತಿತು. ಅದರ ಮೇಲೆ ಕೂತಿದ್ದ ಕಾಕಾ ಪತ್ರಿಕೆಯ ಮೇಲಂಚಿನಿಂದ ನನ್ನನ್ನೇ ನೋಡುತ್ತಿದ್ದರು. ಕಾಕೂ ಹೇಳಿದ ಕಳೆ ಸುಳ್ಳಲ್ಲ. ಅದು ಮೂರು ದಿನ ನನ್ನ ಊಟ ತಿಂದವರ ಕಳೆ. ದಾರ ಕಟ್ಟುವ ಕೈ ಯಾರದೆಂದು ನನಗೆ ಆಗ ನೆನಪಾಯಿತು. ಅಳೆದು ನೋಡುವುದೇ ಉದ್ಯೋಗವಾದ ನಾನು ಮೂರು ದಿನ ದಾರದ ಬಣ್ಣವನ್ನು ನಂಬಿ ಡಬ್ಬಿ ಎತ್ತಿಕೊಂಡಿದ್ದೆ.

ಸತ್ಯ ಹೇಳಿದರೆ ಕಾಕಾರಿಗೆ ಮುಂದಿನ ತಿಂಗಳೂ ಮೆಣಸಿನಕಾಯಿ ಖಾತ್ರಿ. ಜೊತೆಗೆ, ತಮ್ಮ ಹೋಳಿಗೆ ಯಾರ ಹೊಟ್ಟೆ ಸೇರಿತೆಂದು ಕಾಕೂಗೆ ತಿಳಿಯುತ್ತದೆ. ಅವರ ಮುಖದಲ್ಲಿ, ಮೊದಲ ಪುಸ್ತಕ ಅಚ್ಚಾದವರ ಕಾತರವಿತ್ತು. ಚೀಟಿಯನ್ನು ಮುಷ್ಟಿಯಲ್ಲಿ ಮುದುರಿದೆ.

"ಎಣ್ಣೆಗಾಯಿ ಒಂದೇ ಗುಕ್ಕಿನಲ್ಲಿ ತಿನ್ನಿಸಿಕೊಂಡು ಹೋಯಿತು ಕಾಕೂ" ಎಂದೆ.

"ಹೋಳಿಗಿ?"

"ಪ್ರತಿ ಮನೆಯಲ್ಲೂ ಇರಬೇಕಾದ ಹೋಳಿಗೆ."

"ಮಾದಲಿ?"

ಮಾದಲಿ ಹೇಗಿರುತ್ತದೆ ಎಂದೇ ನನಗೆ ಗೊತ್ತಿರಲಿಲ್ಲ. ಹಾಸನದ ಕಡೆಯವಳು ನಾನು. "ಮಾದಲಿಯಲ್ಲಿ ನೀವು ಬಹಳ ಭರವಸೆ ಮೂಡಿಸಿದ್ದೀರಿ" ಎಂದೆ.

ಕಾಕೂ ಸೆರಗಿನಿಂದ ಕಣ್ಣಂಚು ಒತ್ತಿಕೊಂಡರು. "ಎಷ್ಟು ಛಂದ ಹೇಳ್ತೀ ನೋಡು. ಇವರೂ ತಿಂತಾರ, ಬಾಯಿ ಬಿಚ್ಚೂದಿಲ್ಲ. ನಾಳೆ ಇವರಿಗೆ ಏನು ಹಾಕಲಿ?"

"ನಾಳೆಯಿಂದ ಇಬ್ಬರಿಗೂ ಒಂದೇ ಹಾಕಿ ಕಾಕೂ" ಎಂದೆ. "ದಾರದ ರಗಳೆಯೂ ಇರುವುದಿಲ್ಲ." ಜೋಕಾಲಿಯ ಕಡೆಯಿಂದ ಕೆಮ್ಮು ಕೇಳಿಸಿತು.

ಮರುದಿನ ಬೆಳಿಗ್ಗೆ ಕಾಕಾ ಡಬ್ಬಿಯನ್ನು ನನ್ನ ಕೈಗೇ ಕೊಟ್ಟರು. ಅದರ ಕೆಳಗೆ, ಹಳದಿ ದಾರ ಕಟ್ಟಿದ ಕಾಗದದ ಕಟ್ಟೊಂದಿತ್ತು. "ಡಬ್ಬೀದೊಂದು ಅಧ್ಯಾಯ ಹೊಸದಾಗಿ ಬರದೀನಿ ತಂಗಿ" ಎಂದರು, ಕಾಕೂ ವಾಕಿಂಗಿನಿಂದ ಬಂದುಬಿಟ್ಟಾರೆಂದು ಬೀದಿಯ ಕಡೆ ನೋಡುತ್ತಾ. "ಎರಡನೇ ಮುದ್ರಣಕ್ಕ ಹಾಕಸ್ತೀನಿ. ಬೆನ್ನುಡಿ ನೀನ ಬರೀಬೇಕು."

"ಮುಲಾಜು ನೋಡಬೇಕೇ, ಬೇಡವೇ?"

ಅವರು ಸ್ಟೂಲನ್ನು ಗೋಡೆಯ ಕಡೆ ಸರಿಸಿದರು. "ಸ್ವಲ್ಪ ನೋಡು" ಎಂದರು.

ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಮೊದಲು ಡಬ್ಬಿಯ ಮೂರೂ ಅಂತಸ್ತು ಬಿಚ್ಚಿ ತಪಾಸಣೆ ಮಾಡಿದೆ: ಎಣ್ಣೆಗಾಯಿ, ಚಪಾತಿ, ಶೇಂಗಾ ಚಟ್ನಿ, ಮೂಲೆಯಲ್ಲಿ ಪುಡಿಪುಡಿಯಾಗಿ ಸಿಹಿಯಾದದ್ದೊಂದು, ಅದೇ ಮಾದಲಿ ಇರಬೇಕು. ನಂತರ ಪೆನ್ನು ತೆಗೆದು, ಚಾಕಣ ಮುಟ್ಟುವುದರೊಳಗೆ ಬೆನ್ನುಡಿ ಬರೆದು ಮುಗಿಸಿದೆ. "ಹೃದ್ಯ, ಸಂಗ್ರಹಯೋಗ್ಯ" ಎಂಬಲ್ಲಿಂದ ಆರಂಭಿಸಿ ಎಂಟು ಸಾಲು ಸರಾಗವಾಗಿ ಬಂದವು, ಒಂದನ್ನೂ ತಿದ್ದಬೇಕಾಗಲಿಲ್ಲ. ಕಾಗದದ ಕಟ್ಟಿನ ಹಳದಿ ದಾರವನ್ನು ಮಾತ್ರ ಇನ್ನೂ ಬಿಚ್ಚಿಲ್ಲ.