ಆರು ಖೋಲಿಗಳ ನಾಡಿ

ಬಿಪಿ ನೋಡಲು ಹೋದವಳಿಗೇ ಬಿಪಿ ಏರುವಂಥದ್ದು ಆ ಖೋಲಿಗಳಲ್ಲಿ ವಾರಕ್ಕೊಂದಾದರೂ ನಡೆಯುತ್ತಿತ್ತು. ಎಂಬತ್ತರ ದಶಕ. ಆಳಂದಕ್ಕೆ ವರ್ಗವಾಗಿ ಬಂದ ನರ್ಸು ನಾನು. ಬಾಡಿಗೆ ಮನೆಯಲ್ಲಿ ಒಬ್ಬಳೇ. ಬಸ್‌ಸ್ಟ್ಯಾಂಡಿನಲ್ಲಿ, ಅಂಗಡಿ ಕಟ್ಟೆಗಳ ಮೇಲೆ ವರ್ಷಗಟ್ಟಲೆ ಮಲಗಿದ್ದ ಆರು ಜನರಿಗೆ ಊರವರು ಹಳೆಯ ಗೋದಾಮಿನಲ್ಲಿ ಗೋಡೆ ಎಬ್ಬಿಸಿ ಆರು ಖೋಲಿ ಮಾಡಿಕೊಟ್ಟಿದ್ದರು. ಪ್ರತಿ ಸೋಮವಾರ ಅವರ ಆರೋಗ್ಯ ನೋಡುವುದು ನನ್ನ ಪಾಲಿಗೆ ಬಂದಿತ್ತು.

ಮಂಚ

ಮೊದಲ ಖೋಲಿಯ ಮುದುಕನಿಗೆ ಕೆಮ್ಮು ನಿಲ್ಲುತ್ತಲೇ ಇರಲಿಲ್ಲ. ಹೋಗಿ ನೋಡಿದರೆ ಮಂಚದ ಕೆಳಗೆ, ಬರೀ ನೆಲದ ಮೇಲೆ ಮಲಗಿದ್ದಾನೆ.

“ಮುತ್ಯಾ, ನೆಲ ತಂಪದ. ಮ್ಯಾಲ ಯಾಕ ಮಕ್ಕೊಳಂಗಿಲ್ಲ?”

“ಮಂಚ ಯಾರದೋ ಏನೋರಿ. ಅವ್ರು ಬಂದು ಎಬ್ಬಿಸಿದ್ರ?”

“ನಿಮ್ಮದೇ ಅದ. ಯಾರೂ ಬರಂಗಿಲ್ಲ.”

ಮಂಚದ ಕೆಳಗಿನಿಂದಲೇ ತಲೆ ಹೊರಗೆ ಚಾಚಿ ಕೇಳಿದ: “ಯಾರೂ ಬರಂಗಿಲ್ಲಂದ್ರ, ಇಷ್ಟು ದೊಡ್ಡದು ಯಾಕ ಕೊಟ್ರಿ?”

ನಾಡಿ

ಎದುರು ಖೋಲಿಯ ಮುದುಕಿ ಆಯಿಗೆ ವಾರಕ್ಕೊಂದು ಕಡೆ ನೋವು. ಮೊಣಕಾಲು, ಬೆನ್ನು, ಒಮ್ಮೆ ಕಿವಿ. ಎಲ್ಲಿ ನೋವಿದ್ದರೂ ನಾನು ನಾಡಿ ಹಿಡಿಯಲೇಬೇಕು. ಹಿಡಿದರೆ ಅರ್ಧ ನೋವು ಹೋಗುತ್ತಿತ್ತು. ಒಂದು ಸೋಮವಾರ ಕೈ ಬಿಡಿಸಿಕೊಂಡು ನನ್ನ ಮಣಿಕಟ್ಟನ್ನೇ ಹಿಡಿದಳು.

“ನಿಂದು ಯಾರು ನೋಡ್ತಾರ ಬೇ?”

ಅವಳು ಕಣ್ಣು ಮುಚ್ಚಿ ಒಂದು, ಎರಡು ಎಂದು ಎಣಿಸುತ್ತ ಹತ್ತಕ್ಕೆ ನಿಂತಳು. ಅದರ ಮುಂದೆ ಎಣಿಸಲು ಅವಳಿಗೆ ಬರದು.

“ಹತ್ತಕ್ಕ ಹತ್ತೂ ಅವ. ಏನೂ ಆಗಿಲ್ಲ ನಿನಗ, ಕೆಲಸಕ್ಕ ಹೋಗು.”

ಬಾಗಿಲು

ಕೊನೆಯ ಖೋಲಿಯವನು ಜೇವರ್ಗಿ ಕಡೆಯ ಹಮಾಲ. ಅವನ ಕಾಲಿನ ಗಾಯಕ್ಕೆ ಎಷ್ಟು ಪಟ್ಟಿ ಕಟ್ಟಿದರೂ ಮಾಯುತ್ತಿರಲಿಲ್ಲ. ಖೋಲಿ ಬಿಟ್ಟು ಮತ್ತೆ ಬಸ್‌ಸ್ಟ್ಯಾಂಡಿನ ಧೂಳಿಗೇ ಹೋಗಿ ಮಲಗುತ್ತಿದ್ದ. ಹೀಗೇ ಆದರೆ ಕಾಲು ತೆಗೆಯಬೇಕಾಗುತ್ತದೆ ಎಂದಿದ್ದರು ಡಾಕ್ಟರು. ಒಂದು ಮಧ್ಯಾಹ್ನ ನೋಡಿದರೆ, ತೆಗೆದ ಬೀಗ ಕೈಯಲ್ಲಿ ಹಿಡಿದು ತನ್ನದೇ ಬಾಗಿಲು ಬಡಿಯುತ್ತ ನಿಂತಿದ್ದಾನೆ.

“ಒಳಗ ಯಾರದಾರ?” ಎಂದು ಕೇಳಿದೆ.

“ಯಾರೂ ಇಲ್ರಿ ನರ್ಸ ಬಾಯಾರ. ಬಾ ಅನ್ನೋರಿಲ್ಲದ ಮನ್ಯಾಗ ಹ್ಯಾಂಗ ಹೋಗ್ಲಿ?”

ನಾನೇ ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡೆ. ಬಡಿದ. “ಬರ್ರಿ ಒಳಗ,” ಅಂದೆ. ನಗುತ್ತ ಬಂದು ಕೂತ. ಅಂದಿನಿಂದ ಅಲ್ಲೇ ಉಳಿದ, ಕಾಲೂ ಉಳಿಯಿತು.

ಆದರೆ ಆವತ್ತು ಅವನು ನನ್ನನ್ನು ಅಷ್ಟಕ್ಕೇ ಬಿಡಲಿಲ್ಲ. “ಈಗ ನೀವು ಹೊರಗ ಹೋಗಿ ಬಡೀರಿ, ನಾ ಒಳಗಿಂದ ಅಂತೇನಿ,” ಎಂದ. ಹೋಗಿ ಬಡಿದೆ. ಆಯುಷ್ಯವೆಲ್ಲ ಕಚೇರಿ ಬಾಗಿಲುಗಳಲ್ಲಿ ತಾನು ಕೇಳಿಸಿಕೊಂಡಿದ್ದನ್ನೇ ಅವನು ಒಳಗಿನಿಂದ ಗಟ್ಟಿಯಾಗಿ ಕೂಗಿದ:

“ಸಾಹೇಬ್ರಿಲ್ಲ, ನಾಳಿ ಬರ್ರಿ!”