ಹತ್ತು ಲೀಟರಿನ ಗೆರೆ

ಮೇಷ್ಟರ ಕಷ್ಟವೆಲ್ಲ ಶುರುವಾದದ್ದು ಸ್ನಾನದ ನೀರು ಕಾಯಿಸುವ ಪಾತ್ರೆಯೊಳಗೆ ಅವರೇ ಬಳಿದ ಕೆಂಪು ಗೆರೆಯಿಂದ. ಗೆರೆಯವರೆಗೆ ತುಂಬಿದರೆ ನೀರು ಸರಿಯಾಗಿ ಹತ್ತು ಲೀಟರು. ಅಂದು ಅವರ ಪಾಠ ನೋಡಲು ಇನ್‌ಸ್ಪೆಕ್ಟರು ಬರುವವರಿದ್ದರು. ಪಾಠ ನೀರು ಕಾಯುವ ಲೆಕ್ಕದ್ದು. ಆರು ವರ್ಷದಿಂದ ತೂಗಾಡುತ್ತಿದ್ದ ತಾತ್ಕಾಲಿಕ ಕೆಲಸ ಖಾಯಂ ಆಗುವುದೂ ಹೋಗುವುದೂ ಆ ಪಾಠದ ಮೇಲಿತ್ತು. ಸ್ನಾನದ ನೀರಲ್ಲೇ ಲೆಕ್ಕ ಪರೀಕ್ಷಿಸಿಬಿಡೋಣ ಎಂದುಕೊಂಡರು ಮೇಷ್ಟರು.

“ಹನ್ನೊಂದು ನಿಮಿಷ ನಲವತ್ತು ಸೆಕೆಂಡು. ಗಾಳಿಗೆ ಸೋರಿಹೋಗೋ ಶಾಖಕ್ಕೆ ಇನ್ನೂ ಮೂರು ನಿಮಿಷ. ಆಮೇಲೆ ನೀರು ನಲವತ್ತೈದು ಡಿಗ್ರಿ!” ಎಂದು ಸಾರಿ, ಕರೆಂಟಿನ ಒಲೆ ಹಚ್ಚಿ, ಪುಸ್ತಕ ಹಿಡಿದು ಹೊರಬಾಗಿಲಿಗೆ ಹೋದರು.

“ಕೈಯಿಟ್ಟು ನೋಡಿದ್ರೆ ಗೊತ್ತಾಗಲ್ವೇನ್ರೀ?” ಎಂದಳು ಹೆಂಡತಿ.

ಹದಿನೈದು ನಿಮಿಷಕ್ಕೆ ಬಂದು ಥರ್ಮಾಮೀಟರು ಇಳಿಬಿಟ್ಟರೆ ಬರೀ ಮೂವತ್ತೆಂಟು! ನೀರು ಮಾತ್ರ ಗೆರೆ ಬಿಟ್ಟು ಕದಲಿರಲಿಲ್ಲ.

“ಕಿಟಕಿ ಮುಚ್ಚಿ, ಶಾಖ ಅಲ್ಲೇ ಹೋಗ್ತಿದೆ,” ಎಂದರು ಕರೆಯದೆ ಬಂದ ಪಕ್ಕದ ಮನೆಯ ನಿವೃತ್ತ ಗುಮಾಸ್ತರು.

“ಮುಚ್ಚಳ ಹಾಕಿ ಮೇಷ್ಟ್ರೇ,” ಎಂದ ಎದುರುಮನೆಯ ದರ್ಜಿ.

ಎರಡೂ ಆಯಿತು. ಮೇಷ್ಟರು ಹೊರಗೆ ಕೂತು ಹೊಸ ಲೆಕ್ಕ ಹಾಕಿ ಬಂದರು. ಥರ್ಮಾಮೀಟರಿನಲ್ಲಿ ಈಗ ಮೂವತ್ತನಾಲ್ಕು! ಅವರ ತಲೆ ಗಿರ್ರೆಂದಿತು. ಮನೆಯಲ್ಲಿ ನೆಮ್ಮದಿಯಾಗಿದ್ದವರು ಅತ್ತೆ ಒಬ್ಬರೇ. ಹಿಂಬಾಗಿಲ ಮೆಟ್ಟಿಲ ಮೇಲೆ ಕಾಲು ಚಾಚಿ, ಕಣ್ಣು ಮುಚ್ಚಿ ಕೂತಿದ್ದರು.

ಹೊತ್ತಾಗಿಹೋಗಿತ್ತು. ಉಗುರುಬೆಚ್ಚಗಿನ ನೀರನ್ನೇ ಸುರಿದುಕೊಂಡು ಮೇಷ್ಟರು ಶಾಲೆಗೆ ಓಡಿದರು. ಬೋರ್ಡಿನ ಮುಂದೆ ನಿಂತಾಗ ಪುಸ್ತಕದ ಲೆಕ್ಕ ಬಾಯಿಗೆ ಬರಲಿಲ್ಲ, ಬೆಳಗಿನದು ಬಂತು.

“ಮುಚ್ಚಿದಷ್ಟೂ ಶಾಖ ಹೆಚ್ಚು ಸೋರುತ್ತೆ ಸಾರ್. ನಾನೇ ಅಳೆದಿದ್ದೀನಿ.”

ಇನ್‌ಸ್ಪೆಕ್ಟರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ಇದು ಯಾವ ಪುಸ್ತಕದಲ್ಲೂ ಇಲ್ವಲ್ರೀ! ನಾಳೆ ಎಲ್ಲಾ ಮೇಷ್ಟ್ರುಗಳ ಎದುರಿಗೆ ಮಾಡಿ ತೋರಿಸಿ. ಹಾಗೇ ಆದ್ರೆ ಕೆಲಸ ಖಾಯಂ. ಆಗ್ಲಿಲ್ವೋ, ಮನೆಗೆ.”

ಸಂಜೆ ಮೇಷ್ಟರು ಹೆಮ್ಮೆಯಿಂದ ಚಪ್ಪಲಿ ಬಿಡುತ್ತಿರುವಾಗ ಅತ್ತೆ ನಗುತ್ತಾ ಎದುರಾದರು.

“ಅಳಿಯಂದ್ರೇ, ನಿಮ್ಮ ಪುಣ್ಯ! ಬೆಳಗ್ಗೆ ನಿಮ್ಮ ಪಾತ್ರೆಯಿಂದ ಚೊಂಬು ಚೊಂಬು ಬಿಸಿನೀರು ತಗೊಂಡು ನೋಯೋ ಕಾಲಿಗೆ ಹಾಕ್ಕೊಂಡೆ. ಮುಚ್ಚಳ ಹಾಕಿದ್ಮೇಲಂತೂ ಚೆನ್ನಾಗಿ ಕಾದಿತ್ತು, ನಾಲ್ಕು ಚೊಂಬು ಜಾಸ್ತೀನೇ ತಗೊಂಡೆ. ಹೆದರ್ಬೇಡಿ, ತೆಗೆದಷ್ಟೂ ತಣ್ಣೀರು ಹಾಕಿ ನಿಮ್ಮ ಗೆರೆ ಸರಿಮಾಡಿಟ್ಟಿದ್ದೆ!”

ಮೇಷ್ಟರು ಎರಡೂ ಕೈ ಮುಗಿದರು.

“ಅತ್ತೆ, ದಮ್ಮಯ್ಯ, ನಾಳೆ ನನ್ನ ಜೊತೆ ಸ್ಕೂಲಿಗೆ ಬನ್ನಿ. ಚೊಂಬೂ ತನ್ನಿ.”

“ಯಾಕೆ ಅಳಿಯಂದ್ರೇ? ಕಾಲುನೋವು ಪೂರ್ತಿ ಹೋಯ್ತಲ್ಲ!” ಎಂದರು ಅತ್ತೆ.